ಪ್ರಹ್ಲಾದನ ಮೊಮ್ಮಗ ಏನಾದ?

2025ರ ಜುಲೈನಲ್ಲಿ ಬಂದ 'ಮಹಾವತಾರ್ ನರಸಿಂಹ' ಅನಿಮೇಷನ್ ಸಿನಿಮಾನ ಮನೆಮಂದಿಯೆಲ್ಲ ಕೂತು ನೋಡಿದ್ವಿ. 'ಮಕ್ಕಳಿಗೆ ತೋರಿಸಲೇಬೇಕು' ಅಂತ ಗ್ರೂಪುಗಳಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಚೆನ್ನಾಗೇ ಮಾಡಿದಾರೆ, ಸುಳ್ಳು ಹೇಳಲ್ಲ. ಹೊಸಪೇಟೆಯವರಿಗೆ ನರಸಿಂಹ ಹೊಸಬನೂ ಅಲ್ಲ. 1528ರಿಂದ ಹಂಪಿಯಲ್ಲಿ ಕೂತಿದಾನೆ.

ಮುಗಿದ ಮೇಲೆ ಮಗಳು ಕೇಳಿದ್ಲು: "ಅಪ್ಪಾ, ಪ್ರಹ್ಲಾದನ ಮಕ್ಳು ಮೊಮ್ಮಕ್ಳು ಆಮೇಲೆ ಏನಾದ್ರು?"

ಹೇಳಿದೆ. ಅವನ ಮೊಮ್ಮಗನೇ ಬಲಿ. ದಾನ ಕೊಟ್ಟ ತಪ್ಪಿಗೆ ವಾಮನ ಪಾತಾಳಕ್ಕೆ ತುಳಿದ. ಅಂದ್ರೆ ಅಜ್ಜನ ಭಕ್ತಿ ಮೊಮ್ಮಗನ ರಾಜ್ಯ ಉಳಿಸಲಿಲ್ಲ. ಆದ್ರೂ ದೀಪಾವಳಿಗೆ ನಮ್ಮ ಜನ ನೆನೆಯೋದು ಬಲೀಂದ್ರನನ್ನೇ.

ಜ್ಯೋತಿಬಾ ಫುಲೆ 1873ರಲ್ಲೇ 'ಗುಲಾಮಗಿರಿ'ಯಲ್ಲಿ ಈ ಅವತಾರಗಳನ್ನ ತಿರುಗಿಸಿ ಓದಿದ್ರು: ಇದು ಮೂಲನಿವಾಸಿ ರಾಜರನ್ನ ಮೋಸದಿಂದ ಕೊಂದ ಕಥೆ ಅಂತ.

ಸಿನಿಮಾ ನಿಷೇಧಿಸಿ ಅಂತ ನಾನು ಕೇಳ್ತಿಲ್ಲ. ಮಕ್ಕಳು ನೋಡ್ಲಿ. ಆದ್ರೆ ಮನೆಗೆ ಬಂದ ಮೇಲೆ ಇನ್ನೊಂದು ಕಥೆನೂ ಹೇಳಿ. 1901ರಲ್ಲಿ ಅಪ್ಪನನ್ನ ನೋಡೋಕೆ ಗೋರೆಗಾಂವಿಗೆ ಹೊರಟ ಬಾಲಕ ಭೀಮನಿಗೆ ದಾರಿಯುದ್ದಕ್ಕೂ ಕುಡಿಯೋ ನೀರು ಸಿಗಲಿಲ್ಲ. ಎತ್ತಿನಗಾಡಿ, ಕತ್ತಲೆ, ಬಾಯಾರಿದ ಮಕ್ಕಳು. ಇದಕ್ಕಿಂತ ದೊಡ್ಡ ಫ್ಯಾಮಿಲಿ ಸಿನಿಮಾ ಬೇಕಾ? ನಮ್ಮ ಹುಡುಗರಲ್ಲಿ ಅನಿಮೇಷನ್ ಕಲಿತವರಿದ್ರೆ ಶುರು ಮಾಡಿ. ಚಂದಾ ಎತ್ತೋಕೆ ನಾನಿದೀನಿ.

ಜೈ ಭೀಮ್.