ಮಲೇರಿಯಾ ನಮ್ಮ ಮಕ್ಕಳ ರಕ್ತಕ್ಕೆ ಹೊಸದು

‘ರೋಗನಿರೋಧಕ ಶಕ್ತಿ’ ಅನ್ನೋ ಮಾತಿನ ಮೇಲೆ ನನಗೊಂದು ತಕರಾರಿದೆ. ನಿರೋಧಕ ಸರಿ, ಆ ‘ಶಕ್ತಿ’ ಯಾಕೆ ಬಂತು? ಶಕ್ತಿ ಅಂದ ಕೂಡಲೇ ತೋಳ್ಬಲ ನೆನಪಾಗುತ್ತೆ, ರಾಗಿಮುದ್ದೆ ನೆನಪಾಗುತ್ತೆ. ಒಂದು ಲೋಟ ಕಷಾಯ ಕುಡಿದರೆ ಏರುವಂಥದ್ದು, ಅಜ್ಜನಿಂದ ಮೊಮ್ಮಗನಿಗೆ ಗದ್ದೆ-ತೋಟದ ಹಾಗೆ ಇಳಿದು ಬರುವಂಥದ್ದು ಅನ್ನಿಸಿಬಿಡುತ್ತೆ. ನಾನಿರುವ ಸುವೈಕ್‌ನಲ್ಲಿ ಜೂನ್ ಬಂತು ಅಂದ್ರೆ ನಮ್ಮ ಕರಾವಳಿಯವರ ಬಾಯಲ್ಲಿ ಕೇಳುವ ಮಾತೂ ಇದೇ: “ನಾವು ಮಂಗಳೂರಿನವರು ಮಾರಾಯ್ರೆ, ಮಲೇರಿಯಾ ನಮಗೆ ಹೊಸತಾ? ಅದನ್ನು ತಡೆಯುವುದು ಮಕ್ಕಳ ರಕ್ತದಲ್ಲೇ ಉಂಟು.”

ಇಲ್ಲ. ಮಕ್ಕಳ ರಕ್ತದಲ್ಲಿ ಅಂಥದ್ದೇನೂ ಇಲ್ಲ. ಈ ಮಾತು ಅಪಾಯಕಾರಿ ಅಂತಲೇ ಇದನ್ನು ಬರೀತಿದ್ದೇನೆ.

ಮೊದಲು ಕ್ಯಾಲೆಂಡರ್ ನೋಡಿ. ಒಮಾನಿನ ಭಾರತೀಯ ಶಾಲೆಗಳಿಗೆ ದೊಡ್ಡ ರಜೆ ಸಿಗೋದು ಜೂನ್-ಜುಲೈಯಲ್ಲಿ. ಸುವೈಕ್‌ನಿಂದ ಮಸ್ಕತ್‌ಗೆ ಕಾರು, ಅಲ್ಲಿಂದ ಮಂಗಳೂರಿಗೆ ಮೂರು ತಾಸಿನ ವಿಮಾನ. ಇಳಿಯೋದು ನಟ್ಟ ನಡು ಮಳೆಗಾಲಕ್ಕೆ. ಕಟ್ಟಡ ಕೆಲಸದ ಜಾಗದಲ್ಲಿ, ತಾರಸಿಯ ಟ್ಯಾಂಕಿಯಲ್ಲಿ, ಬಾವಿಯಲ್ಲಿ ಮೊಟ್ಟೆ ಇಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಅದೇ ಸುಗ್ಗಿ. ಕರ್ನಾಟಕದ ಮಲೇರಿಯಾ ಪ್ರಕರಣಗಳಲ್ಲಿ ಬಹುಪಾಲು ದಕ್ಷಿಣ ಕನ್ನಡದ್ದೇ ಆಗಿದ್ದ ವರ್ಷಗಳಿವೆ. ಈಗ ಸಂಖ್ಯೆ ಬಹಳ ಇಳಿದಿದೆ, ನಿಜ, ಆದರೆ ರೋಗ ಊರು ಬಿಟ್ಟು ಹೋಗಿಲ್ಲ. ಅಲ್ಲಿ ಹೆಚ್ಚಾಗಿ ಕಾಣೋದು ವೈವ್ಯಾಕ್ಸ್ ಅನ್ನೋ ಜಾತಿ. ಹೆಚ್ಚು ಕೊಲ್ಲುವ ಫಾಲ್ಸಿಪಾರಮ್ ಕೂಡ ಇದೆ.

ಈಗ ರಕ್ತದ ವಿಷಯ. ನಮ್ಮ ಬಿಳಿ ರಕ್ತಕಣಗಳ ಮೇಲೆ, ಕೆಲವಕ್ಕೆ ಒಳಗೂ, ಗ್ರಾಹಕಗಳಿವೆ. ರಿಸೆಪ್ಟರ್ ಅಂತ ಶಾಲೆಯಲ್ಲಿ ಓದಿರುತ್ತೀರಿ. ಹೊರಗಿನ ವಸ್ತುವನ್ನು ಮುಟ್ಟಿ ಗುರುತಿಸುವ ಪ್ರೋಟೀನ್ ಅದು. ಇವುಗಳಲ್ಲಿ ಎರಡು ಬಗೆ. ಒಂದು ಬಗೆ ಹುಟ್ಟಿನಿಂದ ಬರೋದು, ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ. ಉದಾಹರಣೆಗೆ ಟೋಲ್ ಗ್ರಾಹಕಗಳು. ಮಲೇರಿಯಾ ಪರಾವಲಂಬಿ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿಂದು, ಕಂದು ಬಣ್ಣದ ಹರಳಿನಂಥ ಕಸ ಉಳಿಸುತ್ತೆ. ಕಣ ಒಡೆದಾಗ ಆ ಕಸಕ್ಕೆ ಅಂಟಿಕೊಂಡ ಪರಾವಲಂಬಿಯ ಡಿಎನ್‌ಎಯನ್ನು ಟೋಲ್-9 ಅನ್ನೋ ಗ್ರಾಹಕ ಗುರುತಿಸುತ್ತೆ. ಕೂಡಲೇ ಉರಿಯೂತದ ರಾಸಾಯನಿಕಗಳು ಸುರಿಯುತ್ತವೆ, ಚಳಿ ಬಿಟ್ಟು ಜ್ವರ ಏರುತ್ತೆ. ವೈವ್ಯಾಕ್ಸ್‌ನಲ್ಲಿ ಇದು ನಲವತ್ತೆಂಟು ಗಂಟೆಗೊಮ್ಮೆ. ಅಂದ್ರೆ ಹುಟ್ಟಿನಿಂದ ಬಂದ ಈ ಗ್ರಾಹಕಗಳ ಮುಖ್ಯ ಕೆಲಸ ಕೂಗೋದು. ಅಪ್ಪ-ಅಮ್ಮ ಕೊಟ್ಟಿದ್ದು ಇಷ್ಟೇ: ನಿಮ್ಮ ಮಗುವೂ ನಿಮ್ಮಷ್ಟೇ ಜೋರಾಗಿ ನಡುಗುತ್ತೆ.

ಇನ್ನೊಂದು ಬಗೆ ಬಿ ಮತ್ತು ಟಿ ಜೀವಕೋಶಗಳ ಮೇಲಿರೋದು. ಇಂಥದೇ ಶತ್ರು ಅಂತ ಗುರುತಿಟ್ಟು, ಮುಂದಿನ ಸಲಕ್ಕೆ ನೆನಪಿಡೋದು ಇವೇ. ಇವು ಸಿದ್ಧ ರೂಪದಲ್ಲಿ ಹುಟ್ಟಿನಿಂದ ಬರೋದಿಲ್ಲ. ಪ್ರತಿಯೊಬ್ಬರ ಮಜ್ಜೆಯಲ್ಲಿ ಮತ್ತು ಥೈಮಸ್ ಗ್ರಂಥಿಯಲ್ಲಿ, ಜೀನಿನ ತುಂಡುಗಳನ್ನು ಇಸ್ಪೀಟೆಲೆಯ ಹಾಗೆ ಕಲಸಿ, ಒಂದೊಂದು ಜೀವಕೋಶಕ್ಕೂ ಹೊಸದಾಗಿ ತಯಾರಾಗುತ್ತವೆ. ಆಮೇಲೆ ಸೋಂಕು ತಗುಲಿ, ಹೊಂದುವ ಗ್ರಾಹಕ ಸಿಕ್ಕಿದ ಜೀವಕೋಶ ಮಾತ್ರ ಹೆಚ್ಚುತ್ತೆ, ಪಳಗುತ್ತೆ. ನಿಮ್ಮ ಅಜ್ಜನಿಗೆ ಹನ್ನೆರಡು ಸಲ ಚಳಿಜ್ವರ ಬಂದಿರಬಹುದು. ಅವರ ಜೀವಕೋಶ ಕಲಿತ ಪಾಠ ಅವರ ಜೊತೆಗೇ ಹೋಯಿತು. ತಾಯಿಯಿಂದ ಮಗುವಿಗೆ ಬರುವ ಪ್ರತಿಕಾಯಗಳೂ ಕೆಲವೇ ತಿಂಗಳಲ್ಲಿ ಕರಗುತ್ತವೆ. ಸುವೈಕ್‌ನಲ್ಲಿ ಹುಟ್ಟಿ ಬೆಳೆದ ಹತ್ತು ವರ್ಷದ ಹುಡುಗಿಯ ಬಿ ಜೀವಕೋಶಗಳ ಮಟ್ಟಿಗೆ ಅವಳ ಊರು ಮಂಗಳೂರೂ ಒಂದೇ, ಮಾಸ್ಕೋ ಕೂಡ ಒಂದೇ.

“ನಮಗಾದರೂ ಇದೆಯಲ್ಲ, ನಾವು ಅಲ್ಲೇ ಬೆಳೆದವರು” ಅಂತೀರಾ? ಮಲೇರಿಯಾದ ವಿರುದ್ಧ ಬೆಳೆಯುವ ರಕ್ಷಣೆ ದಡಾರದ ಹಾಗೆ ಜೀವಮಾನದ್ದಲ್ಲ. ಪದೇ ಪದೇ ಸೋಂಕು ತಗುಲುತ್ತಿದ್ದರೆ ಅಷ್ಟಿಷ್ಟು ಬೆಳೆಯುತ್ತೆ. ಊರು ಬಿಟ್ಟು ವರ್ಷಗಳಾದರೆ ಸವೆಯುತ್ತೆ. ಅದೂ ಆಫ್ರಿಕಾದ ಕೆಲವು ಹಳ್ಳಿಗಳ ಹಾಗೆ ವರ್ಷಪೂರ್ತಿ ಸೊಳ್ಳೆ ಕಚ್ಚಿ ಸೋಂಕು ಹತ್ತುವ ಕಡೆಯ ಮಾತು. ಮಂಗಳೂರಿನಲ್ಲಿ ಹರಡುವಿಕೆ ಅಷ್ಟಿಲ್ಲ. ಅದಕ್ಕೇ ಅಲ್ಲಿ ದೊಡ್ಡವರೂ ಮಲಗುತ್ತಾರೆ.

ರಕ್ತದಲ್ಲೇ ತಡೆ ಇರುವ ಜನ ಇದ್ದಾರೆ, ಸುಳ್ಳಲ್ಲ. ವೈವ್ಯಾಕ್ಸ್ ಕೆಂಪು ರಕ್ತಕಣದೊಳಗೆ ನುಗ್ಗೋದು ಡಫಿ ಅನ್ನೋ ಗ್ರಾಹಕವನ್ನು ಹಿಡಿದು. ಆಫ್ರಿಕಾದ ಬಹುತೇಕರ ಕೆಂಪು ಕಣದ ಮೇಲೆ ಅದು ಇರೋದೇ ಇಲ್ಲ, ಅರೇಬಿಯಾದಲ್ಲೂ ಇಲ್ಲದವರು ಅನೇಕರಿದ್ದಾರೆ. ಅಂಥವರಿಗೆ ವೈವ್ಯಾಕ್ಸ್ ಅಪರೂಪ. ನಮ್ಮವರಲ್ಲಿ? ಭಾರತೀಯರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಡಫಿ ಇದೆ. ಅಂದರೆ ವಂಶದಿಂದ ನಮಗೆ ಬಂದಿರೋದು ಬಾಗಿಲು, ಅದೂ ತೆರೆದದ್ದು.

ಇನ್ನು ‘ಇಮ್ಯುನಿಟಿ ಬೂಸ್ಟರ್’ ಮಾರುವವರು. 2017ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದು: ಫಾಲ್ಸಿಪಾರಮ್ ತಾನು ಹೊಕ್ಕ ಕೆಂಪು ಕಣದ ಮೇಲೆ ರಿಫಿನ್ ಅನ್ನೋ ಪ್ರೋಟೀನ್‌ಗಳನ್ನು ಚಾಚುತ್ತೆ. ಅವುಗಳಲ್ಲಿ ಕೆಲವು ನಮ್ಮ ಬಿಳಿ ಕಣಗಳ ಎಲ್‌ಐಎಲ್‌ಆರ್‌ಬಿ1 ಅನ್ನೋ ಗ್ರಾಹಕವನ್ನು ಹಿಡಿಯುತ್ತವೆ. ಆ ಗ್ರಾಹಕ ಇರೋದು ‘ಸಾಕು, ನಿಲ್ಲಿಸು’ ಅನ್ನೋ ಸಂದೇಶಕ್ಕೆ. ನಮ್ಮದೇ ಸೈನ್ಯಕ್ಕೆ ನಮ್ಮದೇ ಭಾಷೆಯಲ್ಲಿ ಶತ್ರು ಕೊಡುವ ಆಜ್ಞೆ! ಇನ್ನೊಂದು ಕಡೆ, ಟೋಲ್ ಗ್ರಾಹಕಗಳ ಕೂಗು ವಿಪರೀತವಾದರೆ ಆ ಉರಿಯೂತವೇ ರೋಗಿಯನ್ನು ಕೆಡಿಸುತ್ತೆ. ಈಗ ಹೇಳಿ, ನಿಮ್ಮ ಪುಡಿ ಯಾವುದನ್ನು ‘ಬೂಸ್ಟ್’ ಮಾಡುತ್ತೆ? ಕೂಗುವ ಗ್ರಾಹಕವನ್ನೋ, ನಿಲ್ಲಿಸುವ ಗ್ರಾಹಕವನ್ನೋ? ಅಮೃತಬಳ್ಳಿಯ ಮೇಲೆ ನನಗೆ ದ್ವೇಷವಿಲ್ಲ. ಅದರ ಹೆಸರಲ್ಲಿ ರಕ್ತಪರೀಕ್ಷೆಯನ್ನು ಮೂರು ದಿನ ಮುಂದೂಡೋದರ ಮೇಲೆ ಇದೆ. ಲಸಿಕೆ ಬಂತಲ್ಲ ಅನ್ನುವವರಿಗೂ ಒಂದು ಮಾತು: 2021ರಲ್ಲಿ ಮತ್ತು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಎರಡೂ ಲಸಿಕೆಗಳು ಫಾಲ್ಸಿಪಾರಮ್‌ಗೆ. ವೈವ್ಯಾಕ್ಸ್‌ಗೆ ಇನ್ನೂ ಇಲ್ಲ.

ನಿಮ್ಮ ಮನೆಯ ಜ್ವರ ನಿಮ್ಮ ಮನೆಯಲ್ಲೇ ನಿಲ್ಲೋದಿಲ್ಲ ಅನ್ನೋದೂ ಇದೆ. 1990ರ ಸುಮಾರಿಗೆ ಒಮಾನಿನಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳಿದ್ದವು. 1991ರಲ್ಲಿ ನಿರ್ಮೂಲನಾ ಕಾರ್ಯಕ್ರಮ ಶುರುವಾಯಿತು, 2004ರ ಹೊತ್ತಿಗೆ ಸ್ಥಳೀಯ ಹರಡುವಿಕೆ ನಿಂತಿತು. 2007ರಲ್ಲಿ ಮತ್ತೆ ಕಾಣಿಸಿಕೊಂಡಿತು. ಇಲ್ಲಿ ಸೊಳ್ಳೆ ಹೋಗಿಲ್ಲ, ಪರಾವಲಂಬಿ ಮಾತ್ರ ಹೋಗಿದೆ. ಸುವೈಕ್ ಇರುವ ಬಾತಿನಾ ಕರಾವಳಿಯಂಥ ತೋಟ-ಬಾವಿಗಳ ಸೀಮೆಗೆ ಅದನ್ನು ಮತ್ತೆ ತರಬಲ್ಲವರು ನಾವು, ಸೂಟ್‌ಕೇಸಿನಲ್ಲಿ ಹಲಸಿನ ಹಪ್ಪಳದ ಜೊತೆಗೆ.

ಹಾಗಾಗಿ ಊರಿಗೆ ಹೋಗುವಾಗ ಸೊಳ್ಳೆಪರದೆ ಇರಲಿ, ಮಾತ್ರೆ ಬೇಕಾ ಅಂತ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಬಂದ ಮೇಲೆ ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ. ಮೊದಲ ಸಲ ಏನೂ ಕಾಣದೆ ಜ್ವರ ಮುಂದುವರಿದರೆ ಇನ್ನೊಮ್ಮೆ ಮಾಡಿಸಿ. ವೈವ್ಯಾಕ್ಸ್ ಅಂತ ಗೊತ್ತಾದರೆ ಕ್ಲೋರೋಕ್ವಿನ್ ಕೊಟ್ಟು ಜ್ವರ ಬಿಟ್ಟ ಕೂಡಲೇ ಮುಗಿಯಲಿಲ್ಲ. ಪಿತ್ತಜನಕಾಂಗದಲ್ಲಿ ಅದು ಮಲಗಿರುತ್ತೆ, ಗ್ರಾಹಕಗಳಿಗೆ ಸುಳಿವು ಕೊಡದೆ. ಅದನ್ನು ತೆಗೆಯೋಕೆ ಹದಿನಾಲ್ಕು ದಿನದ ಪ್ರಿಮಾಕ್ವಿನ್ ಬೇಕು. ಅದಕ್ಕೂ ಮೊದಲು ಜಿ6ಪಿಡಿ ಪರೀಕ್ಷೆ ಆಗಬೇಕು, ಆ ಕಿಣ್ವ ಕಡಿಮೆ ಇದ್ದವರಿಗೆ ಈ ಮಾತ್ರೆ ರಕ್ತ ಒಡೆಯುತ್ತೆ. ಗರ್ಭಿಣಿಯರಿಗೆ ಅದನ್ನು ಕೊಡೋದಿಲ್ಲ. ಐದನೇ ದಿನಕ್ಕೆ ಮಗು ಆಡುತ್ತಿದೆ ಅಂತ ಮಾತ್ರೆ ನಿಲ್ಲಿಸಬೇಡಿ. ಡಿಸೆಂಬರಿನಲ್ಲಿ ಜ್ವರ ಬಂದರೂ, ವೈದ್ಯರು ಕೇಳದಿದ್ದರೂ, ಜೂನಿನಲ್ಲಿ ಊರಿಗೆ ಹೋಗಿದ್ದೆವು ಅಂತ ನೀವಾಗಿ ಹೇಳಿ.