ಸೊಗಡವರೆ ಬೀಜ ಮನೆಯಲ್ಲೇ ಇರಲಿ

ಮಾರ್ಗಶಿರ ಬಂತೆಂದರೆ ಮೈಸೂರಿನ ದೇವರಾಜ ಮೊಹಲ್ಲಾದ ಮಾರುಕಟ್ಟೆ ಸುತ್ತ ಅವರೆಕಾಯಿ ರಾಶಿ ಬೀಳುತ್ತದೆ. ನಾನೂ ಅಲ್ಲಿಗೆ ಒಂದೆರಡು ಚೀಲ ಒಯ್ಯುವವನೇ. ಕೊಳ್ಳೋರು ಮೊದಲು ರೇಟು ಕೇಳೋದಿಲ್ಲ, ಕಾಯಿ ಮೂಸ್ತಾರೆ. ಬೆರಳಿಗೆ ಜಿಡ್ಡು ಅಂಟಿ ಘಮ ಬಂದರೆ ಆಮೇಲೆ "ಕೇಜಿ ಎಷ್ಟಪ್ಪಾ?"

ಈ ಸೊಗಡನ್ನು ನಾವೇ ಕೈಯಾರೆ ಕಳಕೊಳ್ತಿದ್ದೇವೆ ಅನ್ನೋದು ನನ್ನ ತಕರಾರು. ವರ್ಷವಿಡೀ ಬೆಳೆಯಬಹುದಾದ ತಳಿ ಬಂದ ಮೇಲೆ ಹಲವರು ನಾಟಿ ಬೀಜ ಇಡೋದನ್ನೇ ಬಿಟ್ಟರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಕೆಟ್ಟ ತಳಿಗಳೇನಲ್ಲ. ಹಗಲು ಉದ್ದವಿರಲಿ, ಗಿಡ್ಡವಿರಲಿ ಹೂ ಬಿಡುತ್ತವೆ, 100 ದಿನದ ಆಸುಪಾಸಿನಲ್ಲಿ ಮುಗಿಯುತ್ತವೆ. ಬೇರೆ ಕಾಲದಲ್ಲಿ ನಾಲ್ಕು ಕಾಸು ನೋಡಲು ಅವು ಬೇಕು. ಚಳಿಗಾಲಕ್ಕೆ ಮಾತ್ರ ನಾಟಿಯೇ ಸರಿ.

ನಾಟಿ ಅವರೆ ಹಗಲು ಕುಗ್ಗೋದನ್ನು ಕಾಯುತ್ತೆ. ಜೂನ್‌ನಲ್ಲಿ ರಾಗಿ ಜೊತೆ ಅಕ್ಕಡಿ ಹಾಕಿ, ಆಗಸ್ಟಿನಲ್ಲಿ ಬಿತ್ತಿ, ಹೂವಾಗೋದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಅದಕ್ಕೇ ಸಂಕ್ರಾಂತಿ ಸಮಯಕ್ಕೆ ಎಲ್ಲರ ಕಾಯಿ ಒಟ್ಟಿಗೇ ಬಂದು ರೇಟು ಬೀಳೋದು. ಆಗ ಚೀಲಗಟ್ಟಲೆ ಸುರಿಯೋ ಬದಲು ಹಿದುಕಿದ ಬೇಳೆ ಮಾಡಿ ಮಾರೋದು ಮೇಲು. ಮನೆಮಂದಿಯ ಬೆರಳು ನೋಯುತ್ತೆ, ನಿಜ.

ನಮ್ಮ ಮೈಸೂರಿನ ಚಳಿ ಏನು ಮಹಾ! ಡಿಸೆಂಬರ್, ಜನವರಿಯ ಬೆಳಗಿನಲ್ಲಿ 16 ಡಿಗ್ರಿ ಆಸುಪಾಸು. ಇಬ್ಬನಿ ಬಿದ್ದಷ್ಟೂ ಸೊಗಡು ಅನ್ನೋದು ಹಿರಿಯರ ಲೆಕ್ಕ. ಹೆದರಬೇಕಾದ್ದು ಮೋಡಕ್ಕೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇಲ್ಲಿ ನಾಲ್ಕು ದಿನ ಮುಚ್ಚಿಕೊಂಡರೆ ಹೂ ಉದುರುತ್ತೆ, ಕುಡಿಗೆ ಹೇನು ಮುತ್ತುತ್ತೆ. ತಕ್ಷಣ ಔಷಧಿ ಅಂಗಡಿಗೆ ಓಡಬೇಡಿ. ಹೇನು ಕಟ್ಟಿದ ಕುಡಿ ಚಿವುಟಿ ಹಾಕಿ. ಗುಲಗಂಜಿ ಹುಳ ಓಡಾಡ್ತಿದ್ದರೆ ಎರಡು ದಿನ ತಡೆಯಿರಿ, ಹೇನು ತಿನ್ನೋದು ಅದೇ. ಮೀರಿದರೆ 5 ಕೇಜಿ ಬೇವಿನ ಬೀಜ ಕುಟ್ಟಿ, ರಾತ್ರಿ ನೆನೆಸಿ, ಸೋಸಿ, 100 ಲೀಟರ್ ಮಾಡಿಕೊಂಡು ಸಂಜೆ ಹೊಡೆಯಿರಿ. ಮಾರನೇ ದಿನ ಕಿತ್ತು ಮಾರುವ ಕಾಯಿಗೆ ಇವತ್ತು ವಿಷ ಹೊಡೆಯೋದು ನನಗಂತೂ ಒಪ್ಪಿಗೆಯಿಲ್ಲ.

ಈಗ ಮಾಡಬೇಕಾದ ದೊಡ್ಡ ಕೆಲಸ ಬೀಜದ್ದು. ಹೊಲ ಸುತ್ತಿ, ಮೂಸಿ ನೋಡಿ, ಸೊಗಡು ಜೋರಾಗಿರುವ, ರೋಗವಿಲ್ಲದ ಇಪ್ಪತ್ತು ಗಿಡಕ್ಕೆ ಬಟ್ಟೆಚೂರು ಕಟ್ಟಿ. ರೇಟು ಎಷ್ಟೇ ಏರಲಿ, ಅವುಗಳ ಕಾಯಿ ಕೀಳಬೇಡಿ, ಗಿಡದಲ್ಲೇ ಒಣಗಲಿ. ಬಡಿದು, ಕೆಮ್ಮಣ್ಣು ಕಟ್ಟಿ, ಬಿಸಿಲಿಗೆ ಒಣಗಿಸಿಟ್ಟರೆ ಹುಳ ಹಿಡಿಯೋದು ಕಡಿಮೆ. ಸಂತೆಯಿಂದ ತಂದ ಕಾಳು ಬಿತ್ತಿದರೆ ಸೊಗಡು ಬಂದೀತೆಂಬ ಖಾತ್ರಿಯಿಲ್ಲ. ನಮ್ಮ ಮನೆಯಲ್ಲಿ ಅವ್ವ ಇಟ್ಟ ಬೀಜವೇ ಇನ್ನೂ ನಡೀತಿದೆ. ಕಳೆದ ಸಲ ನೆರೆಯವರಿಗೆ ಎರಡು ಸೇರು ಕೊಟ್ಟೆ, ದುಡ್ಡಿಗಲ್ಲ, ಈ ಸುಗ್ಗಿಯಲ್ಲಿ ಅಷ್ಟೇ ಬೀಜ ವಾಪಸು ಕೊಡಲಿ ಅಂತ.