ಗಾಡಿಯ ವಿಮೆ: ಕಾಯದೆ ಕೇಳುವದೆಷ್ಟು, ನಮಗೆ ಬೇಕಾದುದೆಷ್ಟು?

ವಾಗದರಿ, ಮೈಂದರ್ಗಿ, ನಾಗಣಸೂರ, ತಡವಳ, ಅಕ್ಕಲಕೋಟೆ ಸೀಮೆಯ ಯಾವ ಊರಿಗೆ ಹೋದರೂ ಎತ್ತಿನ ಬಂಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಈಗ ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು, ಕಾರು ನಿಂತಿರುವದನ್ನು ಕಾಣುತ್ತೇವೆ. ಇದು ಸಂತೋಷದ ಸಂಗತಿಯೇ. ಕಬ್ಬು ಕಾರಖಾನೆಗೆ ಮುಟ್ಟಬೇಕು, ತೊಗರಿ ದುಧನಿಯ ಪೇಟೆಗೆ ಹೋಗಬೇಕು, ಬೇನೆ ಬಿದ್ದವರನ್ನು ಸೊಲ್ಲಾಪುರದ ದವಾಖಾನೆಗೆ ಒಯ್ಯಬೇಕು, ಗಾಡಿಯಿಲ್ಲದೆ ನಡೆಯದು. ಗಾಡಿಯ ಬೆಲೆ, ಸಾಲದ ಬಡ್ಡಿ, ಎಣ್ಣೆಯ ಖರ್ಚು ಇವನ್ನೆಲ್ಲ ಬಾಯಿಪಾಠ ಹೇಳುವ ನಮ್ಮ ಒಕ್ಕಲಿಗ ಬಂಧುಗಳನ್ನು ‘ನಿಮ್ಮ ಗಾಡಿಯ ವಿಮೆ ಯಾವ ತರದ್ದು?’ ಎಂದು ಕೇಳಿ ನೋಡಿರಿ. ಒಬ್ಬರು ‘ಅದು ಪೋಲೀಸರಿಗೆ ತೋರಿಸುವ ಕಾಗದ’ ಎನ್ನುವರು. ಇನ್ನೊಬ್ಬರು ‘ಕಂತು ತುಂಬಿದ್ದೇವೆ, ಏನಾದರೂ ಕಂಪನಿಯವರು ನೋಡಿಕೊಳ್ಳುವರು’ ಎನ್ನುವರು. ಎರಡೂ ತಪ್ಪು ತಿಳುವಳಿಕೆ. ಈ ತಪ್ಪು ತಿಳುವಳಿಕೆಯ ಬೆಲೆ ಒಮ್ಮೊಮ್ಮೆ ಒಂದು ಕುಟುಂಬದ ಹೊಲವೇ ಆಗಬಹುದಾದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬಯಸುತ್ತೇವೆ.

ನಮ್ಮ ಎತ್ತು ಹಗ್ಗ ಹರಿದುಕೊಂಡು ನೆರೆಯವರ ಜೋಳ ಮೇಯ್ದರೆ ಊರ ಹಿರಿಯರು ಏನು ಹೇಳುವರು? ಎತ್ತು ನಿನ್ನದು, ನಷ್ಟ ನೀನೇ ತುಂಬಿಕೊಡು ಎನ್ನುವರು. ಕಾಯದೆಯ ಕಡ್ಡಾಯ ವಿಮೆಯ ಮೂಲವೂ ಇದೇ ನ್ಯಾಯ. ನಮ್ಮ ಗಾಡಿಯಿಂದ ಹೊರಗಿನವರಿಗೆ, ಎಂದರೆ ದಾರಿಯಲ್ಲಿ ನಡೆಯುವವರಿಗೆ, ಬೇರೆ ಗಾಡಿಯವರಿಗೆ ಆದ ಹಾನಿಯನ್ನು ತುಂಬಿಕೊಡುವ ಹೊಣೆ ನಮ್ಮದು. ಆ ಹೊಣೆಯನ್ನು ನಾವು ಹೊರಲಾರದೆ ಹೋದರೆ ಸತ್ತವನ ಹೆಂಡತಿ ಮಕ್ಕಳು ಬೀದಿಪಾಲಾಗಬಾರದೆಂದು ಸರಕಾರವು ವಿಮೆಯನ್ನು ಕಡ್ಡಾಯ ಮಾಡಿದೆ. ಇಂಗ್ಲಂಡಿನಲ್ಲಿ 1930ರ ಕಾಯದೆಯಿಂದ ಈ ಪದ್ಧತಿ ಬಂದಿತು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯದೆಯ ವಿಮೆಯ ಭಾಗ 1946ರಲ್ಲಿ ಜಾರಿಗೆ ಬಂದಿತು. ಈಗ ಇರುವದು 1988ರ ಕಾಯದೆ. ಅದರ 146ನೆಯ ಕಲಮಿನಂತೆ ವಿಮೆಯಿಲ್ಲದ ಗಾಡಿಯನ್ನು ಸಾರ್ವಜನಿಕ ದಾರಿಗೆ ಇಳಿಸಕೂಡದು. ಇಳಿಸಿದರೆ ಮೊದಲ ಸಲ 2,000 ರೂ. ದಂಡ, ಇಲ್ಲವೆ 3 ತಿಂಗಳ ತನಕ ಸೆರೆ, ಇಲ್ಲವೆ ಎರಡೂ. ಮತ್ತೆ ಸಿಕ್ಕರೆ ದಂಡ 4,000 ರೂ.

ದಂಡ ಸಣ್ಣ ಮಾತು. 2022ರ ಅಕ್ಟೋಬರ 31ರಂದು ನಮ್ಮ ಜಿಲ್ಲೆಯ ಸಾಂಗೋಲಾ ತಾಲೂಕಿನ ಜುನೋನಿಯ ಹತ್ತಿರ ಪಂಢರಪುರಕ್ಕೆ ನಡೆದು ಹೊರಟಿದ್ದ ದಿಂಡಿಯೊಳಗೆ ಕಾರೊಂದು ನುಗ್ಗಿ 7 ಜನ ವಾರಕರಿಗಳು ಪ್ರಾಣ ಬಿಟ್ಟರು. ಒಂದೇ ಗಳಿಗೆಯಲ್ಲಿ ಏಳು ಮನೆಗಳ ಸಂಕಟ. ಇಂಥ ಅಪಘಾತದ ಪರಿಹಾರವನ್ನು ಯಾವ ಒಕ್ಕಲಿಗನು ತನ್ನ ಕೈಯಿಂದ ಕೊಟ್ಟಾನು? ಕಡ್ಡಾಯ ವಿಮೆ ಇರುವದು ಇಂಥ ದಿನಕ್ಕಾಗಿಯೇ. ಹೊರಗಿನವರ ಸಾವು ನೋವಿಗೆ ನ್ಯಾಯಮಂಡಳಿ ಎಷ್ಟು ಗೊತ್ತುಪಡಿಸಿದರೂ ವಿಮಾ ಕಂಪನಿ ಕೊಡಬೇಕು. ಹೊರಗಿನವರ ಎತ್ತು, ಎಮ್ಮೆ, ಗೋಡೆ, ಗಾಡಿ ಇಂಥ ಆಸ್ತಿಯ ಹಾನಿಗೆ ಮಾತ್ರ ಕಾರಿನ ಪಾಲಿಸಿಯಲ್ಲಿ 7.5 ಲಕ್ಷ ರೂ. ಮಿತಿಯುಂಟು. ಈ ಮಿತಿಯನ್ನು 6,000 ರೂ.ಗೆ ಇಳಿಸಿ ಕಂತಿನಲ್ಲಿ ಚೂರು ಉಳಿಸುವ ಆಯ್ಕೆಯನ್ನು ಯಾರಾದರೂ ತೋರಿಸಿದರೆ ಬೇಡವೆನ್ನಿರಿ. ಆರು ಸಾವಿರಕ್ಕೆ ಇಂದು ಒಂದು ಒಳ್ಳೆಯ ಹೋರಿಗರುವೂ ಬಾರದು.

ಇನ್ನು ಖರ್ಚಿನ ಮಾತು. ಕಡ್ಡಾಯ ವಿಮೆಯ ಕಂತನ್ನು ಕಂಪನಿಗಳು ಮನ ಬಂದಂತೆ ಹೇಳುವಂತಿಲ್ಲ, ಸರಕಾರವೇ ದರ ಗೊತ್ತುಪಡಿಸುತ್ತದೆ. 2022ರ ಜೂನ್ 1ರಿಂದ ಬಂದ ದರಪಟ್ಟಿಯಲ್ಲಿ 1000 ಸಿ.ಸಿ.ಯೊಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂ., 1000ದಿಂದ 1500 ಸಿ.ಸಿ. ತನಕ 3,416 ರೂ. ಇತ್ತು, ತೆರಿಗೆ ಬೇರೆ. ಕಂತು ತುಂಬುವ ದಿನದ ದರವನ್ನು ಕೇಳಿಕೊಂಡೇ ತುಂಬಿರಿ. ಹೇಗೆ ನೋಡಿದರೂ ಕಾರಿನ ಒಂದು ಟಾಯರಿನ ಬೆಲೆಯ ಆಸುಪಾಸಿನಲ್ಲಿ ವರ್ಷವಿಡೀ ಹೊರಗಿನವರ ಹೊಣೆ ಇಳಿಯುವದು.

ಆದರೆ ಮುಖ್ಯ ಮಾತು ಇನ್ನು ಮೇಲಿದೆ. ಈ ಕಡ್ಡಾಯ ವಿಮೆ ಹೊರಗಿನವರದು, ಒಳಗಿನವರದಲ್ಲ. ನಿಮ್ಮ ಕಾರು ನುಜ್ಜಾದರೆ ಅದರಿಂದ ಬಿಡಿಗಾಸೂ ಬರುವದಿಲ್ಲ. ಕಾರು ಕಳುವಾದರೂ ಇಲ್ಲ. ಬರಿಯ ಕಡ್ಡಾಯ ಪಾಲಿಸಿಯಿಂದ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತವನಿಗೆ ಪರಿಹಾರ ಸಿಕ್ಕದೆಂದು 2006ರಲ್ಲಿ ಸುಪ್ರೀಮ ಕೋರ್ಟು ಹೇಳಿದೆ. ಖಾಸಗಿ ಕಾರಿನಲ್ಲಿ ಪುಕ್ಕಟೆ ಕುಳಿತ ಬೀಗರು ಬಿಜ್ಜರ ವಿಷಯದಲ್ಲಿಯೂ ಕೋರ್ಟುಗಳ ಮಾತು ಇದೇ ಬಗೆಯದು. ಸಮಗ್ರ ಪಾಲಿಸಿ, ಎಂದರೆ ಏಜಂಟರು ಪ್ಯಾಕೇಜು ಎನ್ನುವದು, ಇದ್ದರೆ ಒಳಗೆ ಕುಳಿತವರೂ ಹಿಂದೆ ಕುಳಿತವರೂ ಅದರಲ್ಲಿ ಸೇರುವರೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2009ರಲ್ಲಿ ಸ್ಪಷ್ಟಪಡಿಸಿದೆ. ಹೆಂಡತಿ ಮಕ್ಕಳನ್ನು ಕೂಡ್ರಿಸಿಕೊಂಡು ಸಿದ್ಧರಾಮೇಶ್ವರನ ಜಾತ್ರೆಗೆ ಹೊರಡುವವರು ತಮ್ಮ ಕೈಯಲ್ಲಿರುವ ಪಾಲಿಸಿ ಯಾವುದೆಂಬುದನ್ನು ಮೊದಲು ನೋಡಿಕೊಳ್ಳಬೇಕು.

ಟ್ರ್ಯಾಕ್ಟರಿನ ಮಾತು ಇದಕ್ಕಿಂತ ಕಠಿಣ. ಒಕ್ಕಲುತನಕ್ಕೆಂದು ವಿಮೆ ಇಳಿಸಿದ ಟ್ರ್ಯಾಕ್ಟರಿನಲ್ಲಿ ಆಸನ ಒಂದೇ, ಅದು ನಡೆಸುವವನದು. ಟ್ರಾಲಿಯಿರುವದು ಮಾಲಿಗೆ. ಕಬ್ಬಿನ ಹಂಗಾಮಿನಲ್ಲಿ ಕಟಾವಿನವರನ್ನು, ಮದುವೆಗೆ ದಿಬ್ಬಣವನ್ನು, ಹುಣ್ಣಿಮೆಗೆ ಭಕ್ತರನ್ನು ಟ್ರಾಲಿಯಲ್ಲಿ ತುಂಬಿಕೊಂಡು ಹೋಗುವದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇಟ್ಟಿಗೆ ಭಟ್ಟಿಗೆ ಮಣ್ಣು ಒಯ್ಯುವ ಟ್ರಾಲಿಯಿಂದ ಬಿದ್ದ ಕೂಲಿಯೊಬ್ಬನ ಖಟ್ಲೆ 2007ರಲ್ಲಿ ಸುಪ್ರೀಮ ಕೋರ್ಟಿನಲ್ಲಿ ತೀರ್ಮಾನವಾಯಿತು. ಟ್ರ್ಯಾಕ್ಟರಿನ ವಿಮೆ ಒಕ್ಕಲುತನದ ಕೆಲಸಕ್ಕೆ ಮಾತ್ರ ಇದ್ದುದರಿಂದ ಕಂಪನಿ ಹೊಣೆಯಲ್ಲವೆಂದು ಕೋರ್ಟು ಹೇಳಿತು. ಕೂಲಿಯ ಬಡತನವನ್ನು ನೋಡಿ ತನ್ನ ವಿಶೇಷ ಅಧಿಕಾರದಿಂದ, ಸದ್ಯ ಕಂಪನಿ ಹಣ ಕೊಡಲಿ, ಆಮೇಲೆ ಮಾಲಕನಿಂದ ವಸೂಲ ಮಾಡಿಕೊಳ್ಳಲಿ ಎಂದಿತು. ಬಡವನಿಗೆ ನ್ಯಾಯ ಸಿಕ್ಕಿತು, ಹೊರೆ ಕೊನೆಗೆ ಟ್ರ್ಯಾಕ್ಟರಿನವನ ಹೆಗಲಿಗೇ ಬಂದಿತು.

‘ಮೊದಲು ಕೊಟ್ಟು ಆಮೇಲೆ ವಸೂಲ ಮಾಡುವ’ ಈ ಪದ್ಧತಿಯನ್ನು ನಮ್ಮವರು ಚೆನ್ನಾಗಿ ತಿಳಿದುಕೊಳ್ಳಬೇಕು. ಪರವಾನಿಗೆಯಿಲ್ಲದವನ ಕೈಗೆ ಗಾಡಿ ಕೊಟ್ಟಾಗಲೂ, ಮಾಲಕನದು ತಪ್ಪೆಂದು ಸಿದ್ಧವಾದರೆ, ಹೀಗೆಯೇ ಆಗಬಹುದೆಂದು 2004ರ ತೀರ್ಪಿನಲ್ಲಿ ಹೇಳಿದೆ. ವಸೂಲಿ ಹೇಗೆ? ಜಿಲ್ಲಾಧಿಕಾರಿಯ ಮುಖಾಂತರ, ಭೂಕಂದಾಯದ ಬಾಕಿಯಂತೆ! ಭೂಕಂದಾಯದ ಬಾಕಿಯೆಂದರೆ ಏನೆಂಬುದನ್ನು 7/12 ಉತಾರೆ ಕೈಯಲ್ಲಿ ಹಿಡಿದ ಒಕ್ಕಲಿಗನಿಗೆ ನಾವು ಬೇರೆ ಹೇಳಬೇಕಾಗಿಲ್ಲ. ಬಿಳಿ ನಂಬರು ಫಲಕದ ಖಾಸಗಿ ಕಾರಿನಲ್ಲಿ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರನ್ನು ಬಾಡಿಗೆಗೆ ಒಯ್ಯುವ ತರುಣರು ಕೂಡ ಇದನ್ನು ನೆನಪಿನಲ್ಲಿಡಲಿ; ಖಾಸಗಿ ಪಾಲಿಸಿ ಬಾಡಿಗೆಯ ಓಡಾಟಕ್ಕೆ ಸಲ್ಲುವದಿಲ್ಲ. ಹದಿನೆಂಟು ತುಂಬದ ಮಗನಿಗೆ ಕೀಲಿಕೈ ಕೊಡುವ ತಂದೆಗೆ 2019ರ ತಿದ್ದುಪಡಿಯಂತೆ 25,000 ರೂ. ದಂಡ ಮತ್ತು 3 ವರ್ಷದ ತನಕ ಸೆರೆಯಾಗಬಹುದು.

ಹಾಗಾದರೆ ಕಡ್ಡಾಯದ ಮೇಲೆ ಇನ್ನೇನು ಕೊಳ್ಳಬೇಕು? ಪೇಟೆಯಲ್ಲಿ ಐಚ್ಛಿಕ ವಿಮೆಗಳ ಸಂತೆಯೇ ನೆರೆದಿದೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಮನುಷ್ಯರು, ಆಮೇಲೆ ತಗಡು. ಮಾಲಕನೇ ನಡೆಸುವಾಗ ಸತ್ತರೆ ಮನೆಯವರಿಗೆ 15 ಲಕ್ಷ ರೂ. ಕೊಡುವ ವೈಯಕ್ತಿಕ ಅಪಘಾತ ವಿಮೆ ಮೊದಲನೆಯದು. ಪರವಾನಿಗೆಯುಳ್ಳ ಮಾಲಕನಲ್ಲಿ ಅಷ್ಟು ಮೊತ್ತದ ಬೇರೆ ಅಪಘಾತ ವಿಮೆ ಇಲ್ಲದಿದ್ದರೆ ಇದೂ ಕಡ್ಡಾಯವೇ. ಸಂಬಳದ ಡ್ರೈವರನನ್ನು ಇಟ್ಟವರು ಅವನ ಹೊಣೆಯನ್ನು ಸಣ್ಣ ಹೆಚ್ಚಿನ ಕಂತು ತುಂಬಿ ಪಾಲಿಸಿಯಲ್ಲಿ ಬರೆಸಲಿ. ಮನೆಮಂದಿಯನ್ನು ಕೂಡ್ರಿಸಿಕೊಂಡು ತಿರುಗುವ ಕಾರಿಗೆ ಸಮಗ್ರ ಪಾಲಿಸಿಯಿರಲಿ. ಟ್ರಾಲಿಯುಳ್ಳವರು ಪಾಲಿಸಿಯಲ್ಲಿ ಟ್ರಾಲಿಯ ಹೆಸರೂ ಉಂಟೋ ಎಂದು ನೋಡಲಿ. ಕಳವು, ಬೆಂಕಿ, ನೆರೆ, ಉರುಳುವಿಕೆ ಇವುಗಳಿಂದ ಗಾಡಿಗೇ ಆಗುವ ನಷ್ಟದ ವಿಮೆ ಹೊಸ ಗಾಡಿಗೆ, ಸಾಲದ ಗಾಡಿಗೆ ಬೇಕು. ಹತ್ತಾರು ವರ್ಷದ ಹಳೆಯ ಕಾರಿಗೆ ಲೆಕ್ಕ ಹಾಕಿ ಬೇಕಾದರೆ ಬಿಡಬಹುದು. ಬಣ್ಣ ಕೆರೆದದ್ದಕ್ಕೂ ಹಣ ಸಿಗಲೆಂದು ದೊಡ್ಡ ಕಂತು ತುಂಬಿ, ಡ್ರೈವರನ ಹೊಣೆಯನ್ನು ಬಿಟ್ಟುಬಿಡುವ ವ್ಯವಹಾರ ಜಾಣತನದ್ದಲ್ಲ.

ಅವಧಿಯ ಮಾತೂ ಇದೆ. 2018ರ ಸಪ್ಟೆಂಬರದಿಂದ ಹೊಸ ಕಾರಿಗೆ 3 ವರ್ಷದ, ಮೋಟಾರ್ ಸೈಕಲ್ಲಿಗೆ 5 ವರ್ಷದ ಕಡ್ಡಾಯ ವಿಮೆಯನ್ನು ಒಮ್ಮೆಲೇ ಕೊಡುವ ಪದ್ಧತಿ ಬಂದಿತು. ಗಾಡಿಯ ಸ್ವಂತ ನಷ್ಟದ ವಿಮೆ ಮಾತ್ರ ಒಂದೇ ವರ್ಷಕ್ಕೆ ಮುಗಿದಿರಬಹುದು. ಎರಡು ತಾರೀಖುಗಳನ್ನೂ ಮನೆಯ ಪಂಚಾಂಗದಲ್ಲಿ ಗುರುತು ಮಾಡಿರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ. ಹಳೆಯ ಗಾಡಿಯನ್ನು ಬಾಯಿಮಾತಿನ ಮೇಲೆ ಕೊಡಕೊಳ್ಳುವ ರೂಢಿಯೂ ಅಪಾಯದ್ದು. ಸರಕಾರಿ ದಫ್ತರದಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕನೆಂದು 2018ರಲ್ಲಿ ಸುಪ್ರೀಮ ಕೋರ್ಟು ಹೇಳಿದೆ. ಗಾಡಿ ಮಾರಿ ನಾಲ್ಕು ವರ್ಷವಾಗಿದ್ದರೂ ಹೊಣೆ ಹಳಬನನ್ನೇ ಹುಡುಕಿಕೊಂಡು ಬರುವದು. ಕೊಂಡವನು 14 ದಿನದೊಳಗೆ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು.

ಗಾಡಿಯಿಲ್ಲದವರಿಗೂ ಈ ವಿಷಯ ಬೇಕು. ಇಂಡಿ, ಅಫಜಲಪುರದ ದಾರಿಯಲ್ಲಿ ನಮ್ಮವನೊಬ್ಬ ಅಪಘಾತಕ್ಕೆ ಸಿಕ್ಕರೆ ಗಡಿಯಾಚೆಯ ಕೋರ್ಟಿಗೇ ಅಲೆಯಬೇಕೆಂದಿಲ್ಲ. ತಾನಿರುವ ಸೊಲ್ಲಾಪುರ ಜಿಲ್ಲೆಯ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಹಾಕಬಹುದು. ಅಪಘಾತವಾದ 6 ತಿಂಗಳೊಳಗೆ ಹಾಕುವದು ಕ್ಷೇಮ. ತಪ್ಪು ಯಾರದೆಂದು ಸಿದ್ಧಮಾಡದೆಯೇ ಸಾವಿಗೆ 5 ಲಕ್ಷ, ಭಾರಿ ಗಾಯಕ್ಕೆ 2.5 ಲಕ್ಷ ರೂ. ಕೇಳುವ ದಾರಿಯೂ ಕಾಯದೆಯಲ್ಲಿದೆ. ಹಾಯ್ದು ಓಡಿಹೋದ ಗಾಡಿ ಪತ್ತೆಯಾಗದಿದ್ದರೆ 2022ರ ಏಪ್ರಿಲದಿಂದ ಬಂದ ಯೋಜನೆಯಂತೆ ಸಾವಿಗೆ 2 ಲಕ್ಷ, ಭಾರಿ ಗಾಯಕ್ಕೆ 50,000 ರೂ. ಉಂಟು.

ಕಂಪನಿಗಳು ಕಂತು ತೆಗೆದುಕೊಳ್ಳುವಾಗ ನಗುತ್ತವೆ, ಕೊಡುವಾಗ ತಕರಾರು ತೆಗೆಯುತ್ತವೆ ಎಂಬ ದೂರನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ತಕರಾರಿಗೆ ಎಡೆ ಸಿಗುವದು ಬಹುಮಟ್ಟಿಗೆ ನಮ್ಮ ಅಜ್ಞಾನದಿಂದಲೇ. ಪಾಲಿಸಿಯ ಕಾಗದ ಇಂಗ್ಲಿಷಿನಲ್ಲಿ, ಏಜಂಟರ ಮಾತು ಮರಾಠಿಯಲ್ಲಿ, ನಮ್ಮ ತಿಳುವಳಿಕೆ ಕನ್ನಡದಲ್ಲಿ. ಮೂರರ ನಡುವೆ ಮುಖ್ಯ ಮಾತು ಸೋರಿಹೋಗುತ್ತದೆ. ಆದುದರಿಂದ ಹಣ ಎಣಿಸಿ ಕೊಡುವ ಮೊದಲು ಏಜಂಟರನ್ನು ಕೂಡ್ರಿಸಿಕೊಂಡು ಮೂರು ಪ್ರಶ್ನೆ ಕೇಳಿರಿ: ಇದರಲ್ಲಿ ಯಾರು ಯಾರು ಸೇರಿದ್ದಾರೆ? ಯಾವ ಕೆಲಸಕ್ಕೆ ಸಲ್ಲುವದಿಲ್ಲ? ಎಂದಿಗೆ ಮುಗಿಯುವದು? ಕಲಿತ ಮಕ್ಕಳಿಂದ ಓದಿಸಿರಿ. ಮೊಬೈಲಿನ ಎಂ-ಪರಿವಾಹನ್‌ನಲ್ಲಿ ಗಾಡಿಯ ನಂಬರು ಹಾಕಿಸಿ ವಿಮೆಯ ಅವಧಿಯನ್ನು ನೋಡಿಕೊಳ್ಳಿರಿ. ಕಾರಖಾನೆಯವರು ಕಬ್ಬು ಸಾಗಿಸುವ ಕರಾರು ಮಾಡುವಾಗಲೇ ಟ್ರ್ಯಾಕ್ಟರ್ ಟ್ರಾಲಿಗಳ ವಿಮೆಯನ್ನು ನೋಡಿ, ಕಟಾವಿನವರ ಓಡಾಟಕ್ಕೆ ಬೇರೆ ಗಾಡಿ ಗೊತ್ತುಮಾಡಿದರೆ ಅನೇಕ ಸಂಕಟ ತಪ್ಪೀತು. ಅದಾಗುವ ತನಕ ಟ್ರಾಲಿಯಲ್ಲಿ ಜನರನ್ನು ತುಂಬುವದನ್ನು ನಾವಾದರೂ ಬಿಡೋಣ. ಯಾವ ವಿಮೆಯೂ ಹೋದ ಜೀವವನ್ನು ಮರಳಿ ತಾರದು. ಉಳಿದವರ ಅನ್ನವನ್ನು, ಅಪ್ಪ ಅಜ್ಜಂದಿರ ಹೊಲವನ್ನು ಉಳಿಸೀತು. ಅಷ್ಟನ್ನಾದರೂ ನಮ್ಮ ಒಕ್ಕಲಿಗರು ಕಳೆದುಕೊಳ್ಳಬಾರದು.